ಜೇಡ ತಿನ್ನುವ ಜೇಡಕ್ಕೆ ‘ದರಕುಜೇಡ’ ಅನ್ನಬಹುದಾ?

ನಮಸ್ಕಾರ. ಒಂದು ಹೆಸರಿನ ವಿಚಾರಕ್ಕೆ ನಿಮ್ಮೆಲ್ಲರ ಸಹಾಯ ಬೇಕಿತ್ತು.

ನಮ್ಮ ಮನೆ ಶಿರಸಿ ಹತ್ತಿರ. ಮೊನ್ನೆ ಕೊಟ್ಟಿಗೆ ಮೂಲೆಯಲ್ಲಿ ಉದ್ದಕಾಲಿನ ಜೇಡವೊಂದರ ಬಲೆಗೆ ಚೂರು ದರಕು, ಅಂದರೆ ಒಣಗಿದೆಲೆ, ಸಿಕ್ಕಿಕೊಂಡಿತ್ತು. ಗುಡಿಸೋಣ ಅಂತ ಪೊರಕೆ ಎತ್ತಿದೆ. ದರಕು ಒಂದು ಹೆಜ್ಜೆ ಇಟ್ಟಿತು! ನಿಂತಿತು. ಹುಳ ಸಿಕ್ಕಿ ಒದ್ದಾಡುವ ಹಾಗೆ ಬಲೆಯ ಎಳೆಯನ್ನು ಮೆಲ್ಲಗೆ ಮೀಟಿತು. ಗಾಳಿಗೆ ಬಲೆ ಅಲುಗಿದಾಗೆಲ್ಲ ಇನ್ನಷ್ಟು ಮುಂದೆ ಸರಿಯಿತು. ಅದು ಪೋರ್ಷಿಯಾ, ಬೇರೆ ಜೇಡಗಳನ್ನೇ ಹಿಡಿದು ತಿನ್ನುವ ಜೇಡ.

ಇದಕ್ಕೆ ‘ಬೇಟೆಗಾರ ಜೇಡ’ ಎಂದರೆ ಗೊಂದಲ. ರಾತ್ರಿ ಗೋಡೆ ಮೇಲೆ ಜಿರಲೆ ಹಿಡಿಯುವ ದೊಡ್ಡ ಚಪ್ಪಟೆ ಜೇಡಕ್ಕೂ ಅದೇ ಹೆಸರು ಹೊಂದುತ್ತದೆ. ಅದರ ಕುಟುಂಬವೇ ಬೇರೆ, ಸ್ಪರಾಸಿಡೇ. ಪೋರ್ಷಿಯಾ ಸೇರುವುದು ಜಿಗಿಯುವ ಜೇಡಗಳ ಸಾಲ್ಟಿಸಿಡೇ ಕುಟುಂಬಕ್ಕೆ. 6,000ಕ್ಕೂ ಜಾಸ್ತಿ ಪ್ರಭೇದಗಳಿರುವ ಇದು ಜೇಡಗಳಲ್ಲೇ ದೊಡ್ಡ ಕುಟುಂಬ. ಅದರೊಳಗೆ ಸ್ಪಾರ್ಟೇಯಿನೇ ಎಂಬ ಕವಲು. ಅದೇ ಕವಲಿನ ಬ್ರೆಟ್ಟಸ್, ಕೊಕಾಲಸ್ ಕುಲಗಳು ಪೋರ್ಷಿಯಾದ ದಾಯಾದಿಗಳು. ಪೋರ್ಷಿಯಾ ಕುಲಕ್ಕೆ ಹೆಸರಿಟ್ಟದ್ದು 1878ರಲ್ಲಿ. ಸುಮಾರು 20 ಪ್ರಭೇದಗಳಿವೆ, ಆಫ್ರಿಕಾದಿಂದ ನಮ್ಮ ಕಡೆ, ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾವರೆಗೆ.

‘ಜಿಗಿಜೇಡ’ ಇಡೀ ಕುಟುಂಬಕ್ಕೆ ಚೆನ್ನಾಗಿದೆ. ಆದರೆ ಪೋರ್ಷಿಯಾ ತಡೆದು ತಡೆದು ನಡೆಯುವುದೇ ಹೆಚ್ಚು. ‘ನೇಯದ ಜೇಡ’ ಅನ್ನೋಣವೇ? ಜೇಡ ಅಂದರೇ ನೇಕಾರ ಅಲ್ವಾ, ಜೇಡರ ದಾಸಿಮಯ್ಯನ ಹೆಸರಲ್ಲೇ ಇದೆ. ಮೇಲಾಗಿ ಪೋರ್ಷಿಯಾ ತಾನೂ ಬಲೆ ಹೆಣೆಯುತ್ತದೆ. ‘ಜೇಡಬಾಕ’ ಅಂದರೆ ಹೊಟ್ಟೆಬಾಕನ ನೆನಪಾಗುತ್ತದೆ. ಅಷ್ಟು ತಾಳ್ಮೆಯಿಂದ ಕಾಯುವ ಜೀವಕ್ಕೆ ಆ ಹೆಸರು ಅನ್ಯಾಯ.

ನನಗೆ ಹಿಡಿಸಿದ್ದು ‘ದರಕುಜೇಡ’. ಮಾಸಲು ಕಂದು ಮೈ, ಕಾಲಿನ ತುಂಬ ರೋಮದ ಕುಚ್ಚು. ಕಾಲು ಮಡಚಿ ಕೂತರೆ ಒಣಗಿದ ಎಲೆ ಚೂರೇ ಸರಿ. ಬೇಟೆಯ ಗುಟ್ಟು ಇರುವುದೂ ಆ ವೇಷದಲ್ಲೇ. ಬೆಟ್ಟದಿಂದ ದರಕು ಗುಡಿಸಿ ಕೊಟ್ಟಿಗೆಗೆ ತರುವ ನಮಗೆ ಈ ಪದ ದಿನದ ಮಾತು. ಆದರೆ ಬಯಲುಸೀಮೆಯವರಿಗೆ ತಿಳಿದೀತಾ? ಅವರಿಗಾಗಿ ‘ತರಗುಜೇಡ’ ಅನ್ನಬೇಕಾ?

ಘಟ್ಟದ ಕೆಳಗೆ, ಕುಮಟಾ, ಅಂಕೋಲಾ, ಕಾರವಾರದ ಕಡೆ ಒಣಗಿದೆಲೆಗೆ ಏನಂತೀರಿ? ಕಿಟಕಿ ಮೇಲೆ ನೊಣ ಹಿಡಿಯುವ ಪುಟ್ಟ ಜಿಗಿಯುವ ಜೇಡಕ್ಕೆ ನಿಮ್ಮ ಮನೆಯ ಹಿರಿಯರು ಬೇರೆ ಹೆಸರು ಹೇಳುತ್ತಿದ್ದರೆ ಅದನ್ನೂ ತಿಳಿಸಿ.