ಸಹಾಯ ಬೇಕು: ಪ್ರಿಂಟರ್ ಸ್ಥಿತಿಗೆ ಐಕಾನ್ ಹೇಗೆ ಹಾಕೋದು?

ಗೆಳೆಯರೇ, ಲಿನಕ್ಸ್‌ನಲ್ಲಿ ಅಂಗಡಿ ಬಿಲ್ ಮುದ್ರಿಸುವ ತಂತ್ರಾಂಶ ಬರೆಯುತ್ತಿದ್ದೇನೆ. ಪ್ರಿಂಟರ್ ಹೆಸರಿನ ಪಕ್ಕ ಅದರ ಸ್ಥಿತಿಯನ್ನು ಐಕಾನ್‌ನಲ್ಲಿ ತೋರಿಸಬೇಕು. ಲಿನಕ್ಸ್‌ನ ಮುದ್ರಣ ವ್ಯವಸ್ಥೆಯಾದ ಕಪ್ಸ್ (CUPS) ಕೊಡುವ ಪ್ರಿಂಟರ್-ಸ್ಟೇಟ್ ಎಂಬ ಸ್ಥಿತಿ ಸಂಖ್ಯೆ ಸುಲಭ: 3 ಅಂದರೆ ಬಿಡುವಾಗಿದೆ, 4 ಮುದ್ರಿಸುತ್ತಿದೆ, 5 ನಿಂತಿದೆ. ಕಷ್ಟ ಇರುವುದು ಆ ಸ್ಥಿತಿಯ ಕಾರಣ ಹೇಳುವ ಪ್ರಿಂಟರ್-ಸ್ಟೇಟ್-ರೀಸನ್ಸ್‌ನಲ್ಲಿ. ಪೇಪರ್ ಖಾಲಿ, ಟೋನರ್ ಕಡಿಮೆ, ಮುಚ್ಚಳ ತೆರೆದಿದೆ ಅಂತ ಹಲವು ಕಾರಣಗಳು ಒಟ್ಟಿಗೇ ಬರಬಹುದು. ವಾರ್ನಿಂಗ್‌ಗಿಂತ ಎರರ್ ಮೊದಲು ಅಂತ ಇಟ್ಟುಕೊಂಡಿದ್ದೇನೆ. ಎರಡು ಎರರ್ ಬಂದರೆ ಯಾವುದನ್ನು ತೋರಿಸಲಿ?

ಸಿಸ್ಟಮ್ ಐಕಾನ್ ಥೀಮ್‌ನಲ್ಲಿ ಪ್ರಿಂಟರ್-ಎರರ್, ಪ್ರಿಂಟರ್-ಪ್ರಿಂಟಿಂಗ್ ಇವೆ. ಪೇಪರ್ ಖಾಲಿ ಅನ್ನೋದಕ್ಕೆ ನಾವೇ ಬರೆಯಬೇಕು ಅನಿಸುತ್ತೆ. ಸುಮ್ನೆ ಕೆಂಪು, ಹಸಿರು ಚುಕ್ಕೆ ಇಡೋದು ನನಗೆ ಒಪ್ಪಿಗೆಯಿಲ್ಲ. ಆ ಬಣ್ಣಗಳ ವ್ಯತ್ಯಾಸ ಕಾಣದವರೂ ಕೌಂಟರ್‌ನಲ್ಲಿ ಕೂರುತ್ತಾರೆ, ಅಲ್ವಾ? 16 ಪಿಕ್ಸೆಲ್‌ನಲ್ಲೂ ಸ್ಪಷ್ಟವಾಗಿ ಕಾಣುವ ಆಕಾರ ಯಾರಾದರೂ ಮಾಡಿದ್ದರೆ ದಯವಿಟ್ಟು ಒಂದು ಸ್ಕ್ರೀನ್‌ಶಾಟ್ ಹಾಕಿ.