ಕಿಲೋ ಜಾಗಕ್ಕೆ ಚೀಲ ಕೊಟ್ಟರೂ ಎರರ್ ಇಲ್ಲ. ಅನುಭವ ಇದ್ದವರು ಹೇಳಿ

ಮೂಡಿಗೆರೆ_ಹೊಸಬ: ಕಾಫಿ ತೋಟದ ಲೆಕ್ಕದ ಆ್ಯಪ್, ಟೈಪ್‌ಸ್ಕ್ರಿಪ್ಟ್‌ನಲ್ಲಿ. ಕಿಲೋ ಅಂತ ಒಂದು ಟೈಪ್, ಚೀಲ ಅಂತ ಒಂದು, ಎರಡೂ ನಂಬರ್. ಕಿಲೋ ಕೇಳೋ ಫಂಕ್ಷನ್‌ಗೆ ಚೀಲ ಕೊಟ್ಟರೂ ಕೋಡ್‌ನ ತಪ್ಪು ಹಿಡಿಯಬೇಕಾದ ಕಂಪೈಲರ್ ಸುಮ್ಮನಿದೆ. ಬಿಗಿ ತಪಾಸಣೆಯ ಸೆಟ್ಟಿಂಗ್ 'ಸ್ಟ್ರಿಕ್ಟ್' ಆನ್ ಇದೆ. ಭಾಷೆ ಬದಲಿಸಬೇಕಾ?

ಬೇಲೂರು_ಬಿಲ್ಡ್: ಸ್ಟ್ರಿಕ್ಟ್‌ಗೂ ಇದಕ್ಕೂ ಸಂಬಂಧ ಇಲ್ಲ. ನೀವು ಕೊಟ್ಟಿದ್ದು ಅಡ್ಡಹೆಸರು ಅಷ್ಟೇ. ಟೈಪ್‌ಸ್ಕ್ರಿಪ್ಟ್ ಹೆಸರು ನೋಡಲ್ಲ, ಒಳಗಿನ ರಚನೆ ನೋಡುತ್ತೆ. ಬ್ರ್ಯಾಂಡ್, ಅಂದ್ರೆ ಟೈಪ್‌ಗೆ ಗುರುತಿನ ಮುದ್ರೆ, ಹಾಕಿ: ನಂಬರ್ ಟೈಪ್ ಜೊತೆ ಒಂದು ಸುಳ್ಳು ಪ್ರಾಪರ್ಟಿ ಇಂಟರ್‌ಸೆಕ್ಟ್ ಮಾಡಿ (& ಹಾಕಿ ಸೇರಿಸಿ), ಒಂದರಲ್ಲಿ ಅದರ ವ್ಯಾಲ್ಯೂ 'ಕಿಲೋ', ಇನ್ನೊಂದರಲ್ಲಿ 'ಚೀಲ'. ಇದು ಇಂಥ ಟೈಪ್ ಅಂತ ಕಂಪೈಲರ್‌ಗೆ ಒಪ್ಪಿಸೋ 'ಆ್ಯಸ್' ಬರೆಯೋದು ಪರಿವರ್ತನೆ ಫಂಕ್ಷನ್ ಒಳಗೆ ಮಾತ್ರ. ನಮ್ಮಲ್ಲಿ ಕಾಟ ಕೊಟ್ಟಿದ್ದು ಕೂಡೋ ಲೆಕ್ಕ. ಬ್ರ್ಯಾಂಡ್ ಇದ್ದರೂ ಕಿಲೋಗೆ ಚೀಲ ಕೂಡಿದರೆ ಕಂಪೈಲರ್ ಬಿಡುತ್ತೆ, ಉತ್ತರ ಬರೀ ನಂಬರ್. ಅದನ್ನ ಮತ್ತೆ ಕಿಲೋ ಕೇಳೋ ಕಡೆ ಕೊಟ್ಟಾಗಷ್ಟೇ ಹಿಡಿಯುತ್ತೆ. ನೇರ ಬಿಲ್‌ಗೆ ಪ್ರಿಂಟ್ ಹೋದರೆ ಹೋಯ್ತು. ಕೂಡೋದು ಕಳೆಯೋದಕ್ಕೂ ಫಂಕ್ಷನ್ ಬರೆಯಬೇಕು.

ಹಾಸನ_ರಸ್ಟ್: ಇಷ್ಟು ಸರ್ಕಸ್ ಯಾಕ್ರೀ? ರಸ್ಟ್ ಭಾಷೆಯಲ್ಲಿ ಕಿಲೋ ಒಂದು ಸ್ಟ್ರಕ್ಟ್ (ನಾವೇ ಕಟ್ಟೋ ಹೊಸ ಟೈಪ್), ಚೀಲ ಇನ್ನೊಂದು. ಕೂಡೋಕೆ ಹೋದರೆ ಅಲ್ಲೇ ನಿಲ್ಲಿಸುತ್ತೆ. ಖರ್ಚೂ ಹೇಳ್ತೀನಿ: ಆ್ಯಡ್ (ಕೂಡೋದು), ಸಬ್ (ಕಳೆಯೋದು), ಸಮ್ (ಒಟ್ಟು ಮೊತ್ತ) ಪ್ರತಿಯೊಂದನ್ನೂ ನೀವೇ ಇಂಪ್ಲಿಮೆಂಟ್ ಮಾಡಬೇಕು. ಒಳಗೆ ಎಫ್64 (ದಶಮಾಂಶ ಸಂಖ್ಯೆ) ಇಟ್ಟರೆ ನೇರವಾಗಿ ಸಾರ್ಟ್ ಆಗಲ್ಲ, ಯಾಕಂದ್ರೆ ಎನ್ಎಎನ್ ('ಸಂಖ್ಯೆಯೇ ಅಲ್ಲ' ಅನ್ನೋ ವ್ಯಾಲ್ಯೂ) ಇರೋದ್ರಿಂದ ಎಫ್64ಗೆ ಆರ್ಡ್, ಅಂದ್ರೆ ಪೂರ್ತಿ ಹಿರಿ-ಕಿರಿ ಕ್ರಮ, ಇಲ್ಲ. ಗ್ರಾಂ ಲೆಕ್ಕದಲ್ಲಿ ಐ64 (ಪೂರ್ಣಾಂಕ) ಇಡಿ, ದುಡ್ಡು ಪೈಸೆಯಲ್ಲಿ.

ಸಕಲೇಶಪುರ_ಎಪಿಐ: ಅವರು ಕೇಳಿದ್ದು ಟೈಪ್‌ಸ್ಕ್ರಿಪ್ಟ್, ಮಾರಾಯ್ರೆ. ಎಲ್ಲಾ ಥ್ರೆಡ್‌ನಲ್ಲೂ ನಿಮ್ಮದು ಇದೇ ಹಾಡು. ಬ್ರ್ಯಾಂಡ್ ರನ್‌ಟೈಮ್‌ನಲ್ಲಿ, ಅಂದ್ರೆ ಆ್ಯಪ್ ಓಡುವಾಗ, ಇರೋದೇ ಇಲ್ಲ, ಅದನ್ನ ಹೇಳಿ ಮೊದಲು. ಸರ್ವರ್ ಡೇಟಾ ಓದೋ ಜೇಸನ್ ಪಾರ್ಸ್ ಕೊಡೋದು 'ಎನಿ', ಅಂದ್ರೆ ತಪಾಸಣೆಯೇ ಇಲ್ಲದ ಟೈಪ್. ಸರ್ವರ್‌ನಿಂದ "12" ಸ್ಟ್ರಿಂಗ್ ಆಗಿ ಬಂದರೆ 5 ಕೂಡಿದಾಗ "125". ಡೇಟಾ ಒಳಗೆ ಬರೋ ಬಾಗಿಲಲ್ಲೇ 'ಅನ್‌ನೋನ್' (ಪರೀಕ್ಷಿಸದೆ ಬಳಸೋಕಾಗದ ಟೈಪ್) ಅಂತ ತಗೊಂಡು ಝಾಡ್ ಅನ್ನೋ ತಪಾಸಣೆ ಲೈಬ್ರರಿಯಲ್ಲಿ ಪರೀಕ್ಷಿಸಿ, ಆಮೇಲೆ ಬ್ರ್ಯಾಂಡ್. ಇನ್ನೊಂದು, 'ನೋಅನ್‌ಚೆಕ್ಡ್‌ಇಂಡೆಕ್ಸ್ಡ್‌ಆಕ್ಸೆಸ್' ಅನ್ನೋ ಸೆಟ್ಟಿಂಗ್ ಸ್ಟ್ರಿಕ್ಟ್ ಜೊತೆ ಬರಲ್ಲ, ಬೇರೆ ಆನ್ ಮಾಡಬೇಕು. ಅದಿಲ್ಲದೆ ಖಾಲಿ ಅರೇಯ (ಪಟ್ಟಿಯ) ಮೊದಲ ಅಂಶವನ್ನೂ ಕಂಪೈಲರ್ 'ಇದೆ' ಅಂತಲೇ ನಂಬುತ್ತೆ.

ಅರಸೀಕೆರೆ_ಜಾವಾ: ಹೆಸರು ನೋಡೋ ಟೈಪ್ ವ್ಯವಸ್ಥೆ ಇದ್ದಿದ್ರೆ ಈ ಪ್ರಶ್ನೆಯೇ ಇರ್ತಿರಲಿಲ್ಲ. ಜಾವಾ 16ರಿಂದ ರೆಕಾರ್ಡ್ ಇದೆ, ಹೊಸ ಟೈಪ್ ಕಟ್ಟೋಕೆ ಒಂದು ಸಾಲು ಸಾಕು.

ಬೇಲೂರು_ಬಿಲ್ಡ್: ಸ್ಟ್ರಿಂಗ್ ಅರೇಯನ್ನ ಆಬ್ಜೆಕ್ಟ್ (ಏನು ಬೇಕಾದರೂ ಇರಬಹುದಾದ) ಅರೇ ಅಂತ ಒಪ್ಪಿಕೊಂಡು, ಇಂಟಿಜರ್ ಹಾಕಿದಾಗ ರನ್‌ಟೈಮ್‌ನಲ್ಲಿ ಎರರ್ ಆಗಿ ಬೀಳೋದು ಯಾರ ಭಾಷೆ ಸ್ವಾಮಿ?

ಅರಸೀಕೆರೆ_ಜಾವಾ: ಬೀಳುತ್ತಲ್ಲ, ಗೊತ್ತಾದರೂ ಆಗುತ್ತೆ! ನಿಮ್ಮ ಟೈಪ್‌ಸ್ಕ್ರಿಪ್ಟ್ ಅರೇನೂ ಹಾಗೇ ಒಪ್ಪುತ್ತೆ, ಆಮೇಲೆ ಹಿಡಿಯೋರೇ ಇಲ್ಲ. ರೀಡ್‌ಓನ್ಲಿ (ಓದಬಹುದು, ಬದಲಿಸಬಾರದು ಅನ್ನೋ ಗುರುತು) ಹಾಕದೆ ಫಂಕ್ಷನ್‌ಗೆ ಅರೇ ಕೊಡೋರು ನನಗೆ ಪಾಠ ಹೇಳಬೇಡಿ.

ಹಾಸನ_ರಸ್ಟ್: ಇಬ್ಬರೂ ಜಗಳ ಆಡಿ. ಅಂದಹಾಗೆ ಚೀಲಕ್ಕೆ 50 ಅಂತ ಫಂಕ್ಷನ್‌ನಲ್ಲೇ ಬರೆದಿದ್ದೀರಾ? ಎಕ್ಸ್‌ಪೋರ್ಟ್ ಲೆಕ್ಕದಲ್ಲಿ 60 ಕಿಲೋ.

ಸಕಲೇಶಪುರ_ಎಪಿಐ: ತೋಟದ ಲೆಕ್ಕಕ್ಕೆ ಎಕ್ಸ್‌ಪೋರ್ಟ್ ಯಾಕೆ ತರ್ತೀರಿ? ಇಲ್ಲಿ ದರ ಹೇಳೋದು 50 ಕಿಲೋ ಚೀಲಕ್ಕೆ. ಅದಕ್ಕಿಂತ, ರೋಬಸ್ಟಾ ಚೆರಿಗೆ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿಗೆ) ಓಟಿ, ಅಂದ್ರೆ ಔಟ್‌ಟರ್ನ್ (ಚೆರಿಯಿಂದ ಎಷ್ಟು ಬೀಜ ಸಿಗುತ್ತೆ ಅನ್ನೋ ಲೆಕ್ಕ), ನೋಡದೆ ದರ ಕಟ್ಟೋರಿಲ್ಲ. ಓಟಿನೂ ಬರೀ ನಂಬರ್ ಅಂತ ಇಟ್ಟಿದ್ದರೆ ಅದಕ್ಕೂ ಇವತ್ತೇ ಬ್ರ್ಯಾಂಡ್ ಹಾಕಿ.