ಗೋಡೆ ಮ್ಯಾಲೆ ಐಆರ್ ಪೆನ್: ಅಂಚು ಸಿಗವಲ್ದು, ಮಧ್ಯಾಹ್ನ ಪಾಯಿಂಟರ್ ಕುಣೀತೈತಿ

ಗುಮ್ಮಟ_ಗಣಿತ (ವಿಜಯಪುರ)

ನಮಸ್ಕಾರ್ರಿ ಎಲ್ಲಾರಿಗೂ. ಪಿಯು ಗಣಿತದ ಕ್ಲಾಸಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ನಿಂಟೆಂಡೊ ವೀ ಆಟದ ರಿಮೋಟ್ ಕೂಡಿಸಿ ಗೋಡೆ ಮ್ಯಾಲೆ ಬರೆಯೋ ವ್ಯವಸ್ಥಾ ಮಾಡೇವಿ. 2007ರಾಗ ಕಂಪ್ಯೂಟರ್ ಸಂಶೋಧಕ ಜಾನಿ ಚುಂಗ್ ಲೀ ತೋರಿಸಿಕೊಟ್ಟ ಪದ್ಧತಿನ ಇದು. ಪೆನ್ನಿನ ತುದಿಯ ಇನ್ಫ್ರಾರೆಡ್ (ಐಆರ್, ಕಣ್ಣಿಗೆ ಕಾಣದ ಬೆಳಕಿನ) ಎಲ್ಇಡಿ ಹತ್ತಿದ ಕೂಡ್ಲೇ ರಿಮೋಟಿನೊಳಗಿನ ಕ್ಯಾಮೆರಾ ಅದನ್ನ ಹಿಡಿದು ಬ್ಲೂಟೂತ್ ಮ್ಯಾಲೆ ಲ್ಯಾಪ್‌ಟಾಪಿಗೆ ಕಳಸ್ತೈತಿ, ಅಲ್ಲಿ ಒಂದು ತಂತ್ರಾಂಶದಿಂದ ಅದು ಮೌಸ್ ಕ್ಲಿಕ್ ಆಗ್ತೈತಿ.

ಗೋಡೆ ಮ್ಯಾಲಿನ ಚಿತ್ರ 6 ಅಡಿ ಅಗಲ, 4.5 ಅಡಿ ಎತ್ತರ. ರಿಮೋಟ್ ಗೋಡೆಯಿಂದ 9 ಅಡಿ ದೂರ, ಸ್ಟ್ಯಾಂಡ್ ಮ್ಯಾಲೆ. ಪೆನ್ನಿನ್ಯಾಗ ಹಳೆ ಟಿವಿ ರಿಮೋಟಿನ ಎಲ್ಇಡಿ, ಎರಡು ಎಎಎ ಸೆಲ್, ಒಂದು ಒತ್ತೋ ಸ್ವಿಚ್, ಇಷ್ಟ.

ಕ್ಯಾಲಿಬ್ರೇಶನ್ (ಚಿತ್ರದ ನಾಲ್ಕು ಗುರುತು ಪೆನ್ನಿಲೆ ಮುಟ್ಟಿ ಪೆನ್ನಿಗೂ ಪಾಯಿಂಟರಿಗೂ ಜಾಗ ಹೊಂದಿಸೋದು) ನಾಲ್ಕೂ ಗುರುತು ತಕರಾರಿಲ್ದ ಮುಗೀತೈತಿ. ಆದ್ರ ಕೆಳಗ ಟಾಸ್ಕ್‌ಬಾರ್ ಮುಟ್ಟಾಕ ಬರವಲ್ದು, ಮ್ಯಾಲೆ ವಿಂಡೋ ಮುಚ್ಚೋ ಗುರುತೂ ಸಿಗವಲ್ದು. ಮಧ್ಯಾಹ್ನ 3ರ ಮ್ಯಾಲೆ ಪೆನ್ ಒತ್ತದಿದ್ರೂ ಪಾಯಿಂಟರ್ ತಾನ ಓಡಾಡ್ತೈತಿ. ಪಶ್ಚಿಮಕ್ಕ ಎರಡು ಕಿಟಕಿ ಅದಾವು. ಮತ್ತ ಎಲ್ಇಡಿ ಬ್ಯಾಗ ಬ್ಯಾಗ ಸುಟ್ಟು ಹೋಗ್ತಾವು. ಇದನ್ನ ಬಿಟ್ಟು ಲ್ಯಾಪ್‌ಟಾಪಿನ ಪರದೆಗೆ ಹಚ್ಚೋ ಇನ್ಫ್ರಾರೆಡ್ ಪಟ್ಟಿ ತಗೊಳ್ಳೋದು ಚಲೋ ಏನು?

ಸಹ್ಯಾದ್ರಿ_ಸರ್ಕ್ಯೂಟ್ (ಬೆಳಗಾವಿ)

ಸರ್, ಅಂಚಿನ ತೊಂದರೆಗೆ ಕಾರಣ ದೂರ. ವೀ ರಿಮೋಟಿನ ಕ್ಯಾಮೆರಾ ಸುಮಾರು 33° ಅಗಲ, 23° ಎತ್ತರ ಮಾತ್ರ ನೋಡುತ್ತದೆ. ನೇರ ಎದುರಿಗಿಟ್ಟರೆ ದೂರವನ್ನು 0.59ರಿಂದ ಗುಣಿಸಿದಷ್ಟು ಅಗಲ, 0.41ರಿಂದ ಗುಣಿಸಿದಷ್ಟು ಎತ್ತರ ಅದಕ್ಕೆ ಕಾಣುತ್ತದೆ. ನಿಮ್ಮ 9 ಅಡಿಗೆ ಅದು 5.3 ಅಡಿ ಮತ್ತು 3.7 ಅಡಿ. ಚಿತ್ರ ಅದಕ್ಕಿಂತ ದೊಡ್ಡದು. ಹಾಗಿದ್ದರೂ ಕ್ಯಾಲಿಬ್ರೇಶನ್ ಮುಗಿಯುವುದೇಕೆಂದರೆ, ಈ ತಂತ್ರಾಂಶಗಳು ನಾಲ್ಕು ಗುರುತುಗಳನ್ನು ತುದಿಯಲ್ಲಿ ಬಿಡಿಸುವುದಿಲ್ಲ, ಸ್ವಲ್ಪ ಒಳಗೆ ಬಿಡಿಸುತ್ತವೆ. ಸಾಮಾನ್ಯವಾಗಿ ಪ್ರತಿ ಬದಿಯಿಂದ ಹತ್ತರಲ್ಲಿ ಒಂದು ಪಾಲು ಒಳಗೆ. ನಿಮ್ಮ ಲೆಕ್ಕದಲ್ಲಿ ಆ ಗುರುತುಗಳ ನಡುವಿನ ಅಂತರ 4.8 ಮತ್ತು 3.6 ಅಡಿ, ಅಂದರೆ ಕ್ಯಾಮೆರಾದ ನೋಟದೊಳಗೆ ಕೂದಲೆಳೆಯಷ್ಟರಲ್ಲಿ ಕೂತಿವೆ. ಅವುಗಳಾಚೆಗೆ ಪೆನ್ ಹೋದರೆ ಕ್ಯಾಮೆರಾ ಕುರುಡು.

ರಿಮೋಟನ್ನು 12 ಅಡಿಗೆ ಸರಿಸಿ. ಆಗ ಸುಮಾರು 7.1 × 4.9 ಅಡಿ ಕಾಣುತ್ತದೆ, ಚಿತ್ರ ಅದರ ಮುಕ್ಕಾಲು ಭಾಗವನ್ನು ತುಂಬುತ್ತದೆ. ಅದಕ್ಕಿಂತ ಬಹಳ ಹಿಂದೆಯೂ ಒಯ್ಯಬೇಡಿ. ಸೆನ್ಸರ್ ಮೂಲತಃ 128 × 96 ಬಿಂದುಗಳದು. ಚುಕ್ಕೆಯ ನಡುಮಧ್ಯವನ್ನು ಲೆಕ್ಕಹಾಕಿ 1024 × 768 ಎಂದು ಕೊಡುತ್ತದೆ. 12 ಅಡಿಯಲ್ಲಿ ಇಂಥ ಒಂದು ಬಿಂದುವಿನಿಂದ ಮುಂದಿನದಕ್ಕೆ ಗೋಡೆಯ ಮೇಲೆ ಸುಮಾರು 2 ಮಿಲಿಮೀಟರ್. ಘಾತಾಂಕ ಬರೆಯಲು ಸಾಕು. 24 ಅಡಿಗೆ ಒಯ್ದರೆ ಅದೇ 4 ಮಿಲಿಮೀಟರ್ ಆಗಿ ಅಕ್ಷರ ಮೆಟ್ಟಿಲು ಮೆಟ್ಟಿಲಾಗುತ್ತದೆ.

ಜಾಗದ ಬಗ್ಗೆ ಇನ್ನೊಂದು. ನೀವು ಗೋಡೆಯ ಎಡಕ್ಕೆ ನಿಂತು ಬರೆಯುವವರಾದರೆ ರಿಮೋಟ್ ಬಲಕ್ಕೆ ಇರಲಿ, ಬಲಕ್ಕೆ ನಿಲ್ಲುವವರಾದರೆ ಎಡಕ್ಕೆ. ತಲೆಗಿಂತ ಎತ್ತರದಲ್ಲಿರಲಿ. ಆದರೆ ಪಕ್ಕಕ್ಕೆ 30° ಮೀರಬೇಡಿ. ಓರೆ ನೋಟವನ್ನು ತಂತ್ರಾಂಶ ತಿದ್ದಿಕೊಳ್ಳುತ್ತದೆ ನಿಜ, ಆದರೆ ದೂರದ ಅಂಚಿಗೆ ಸಿಗುವ ಬಿಂದುಗಳೇ ಕಡಿಮೆಯಾಗುತ್ತವೆ. ಸ್ಟ್ಯಾಂಡಿಗಿಂತ ಗೋಡೆಗೋ ಚಾವಣಿಗೋ ಬಿಗಿದ ಕ್ಲಾಂಪ್ ಮೇಲು. ಮಕ್ಕಳ ಕಾಲು ತಾಗಿ ಒಂದು ಬೆರಳಷ್ಟು ಸರಿದರೂ ಮತ್ತೆ ಕ್ಯಾಲಿಬ್ರೇಶನ್.

ಮಧ್ಯಾಹ್ನದ ಕುಣಿತ ಬಿಸಿಲಿನದೇ. ಈ ಕ್ಯಾಮೆರಾ ತನಗೆ ಕಂಡ ಹೊಳಪಿನ ಚುಕ್ಕೆಗಳಲ್ಲಿ ನಾಲ್ಕರವರೆಗೆ ಹಿಡಿಯುತ್ತದೆ, ಅದು ಪೆನ್ನೋ ಸ್ಟೀಲ್ ಕುರ್ಚಿಯ ಮೇಲಿನ ಬಿಸಿಲೋ ಅದಕ್ಕೆ ಗೊತ್ತಿಲ್ಲ. ಪೆನ್ ಆರಿಸಿಟ್ಟು ತಂತ್ರಾಂಶದಲ್ಲಿ ಕಾಣುವ ಚುಕ್ಕೆಗಳನ್ನು ಎಣಿಸಿ, ಸೊನ್ನೆ ಇರಬೇಕು. ಒಂದಾದರೂ ಕಂಡರೆ ಕಿಟಕಿ, ಕಿಟಕಿಯ ಎದುರಿನ ಹೊಳೆಯುವ ವಸ್ತು, ಗಾಜಿನ ಫೋಟೋ ಒಂದೊಂದಾಗಿ ಮುಚ್ಚಿ ನೋಡಿ. ಎಲ್ಇಡಿ ಟ್ಯೂಬ್‌ಲೈಟ್ ತೊಂದರೆ ಕೊಡುವುದಿಲ್ಲ. ಹಳೆಯ ಬುರುಡೆ ಬಲ್ಬು, ಹ್ಯಾಲೊಜನ್ ಕೊಡುತ್ತವೆ. ಸರಸ್ವತಿ ಫೋಟೋ ಮುಂದೆ ಹಚ್ಚಿದ ಎಣ್ಣೆದೀಪವೂ ಈ ಕ್ಯಾಮೆರಾಕ್ಕೆ ಒಂದು ಪೆನ್ನೇ! ತೆಳು ಪರದೆ ಸಾಲದು, ಎರಡು ಪದರದ ದಪ್ಪ ಬಟ್ಟೆ ಬೇಕು. ಅದರ ಜತೆ ಕ್ಯಾಮೆರಾದ ಸೂಕ್ಷ್ಮತೆಯನ್ನು ಒಂದು ಹಂತ ಇಳಿಸಿ.

ಬೆಸುಗೆ_ಬಾಗಲಕೋಟಿ

ಗಣಿತದ ಗುರುಗಳ, ಪೆನ್ನಿನ ಮಾತು ನಾ ಹೇಳ್ತೀನಿ.

ಎರಡು ಸೆಲ್ ಅಂದ್ರ 3 ವೋಲ್ಟ್. ಇನ್ಫ್ರಾರೆಡ್ ಎಲ್ಇಡಿ 100 ಮಿಲಿಆಂಪಿಗೆ ಹಿಡಿಯೋದು ಸುಮಾರು 1.35 ವೋಲ್ಟ್. ನಡುವ ರೆಸಿಸ್ಟರ್ (ಕರೆಂಟಿಗೆ ಕಡಿವಾಣ ಹಾಕೋ ಬಿಡಿಭಾಗ) ಇಲ್ಲಂದ್ರ ಉಳಿದದ್ದೆಲ್ಲಾ ಎಲ್ಇಡಿ ಮ್ಯಾಲ ಬೀಳ್ತೈತಿ, ಸುಡದ ಏನ್ ಮಾಡ್ತೈತ್ರಿ? ಟಿವಿ ರಿಮೋಟಿನ್ಯಾಗ ಅದು ಮಿಣಕ್ ಮಿಣಕ್ ಅಂತ ಕ್ಷಣ ಹತ್ತಿ ಕ್ಷಣ ಆರತೈತಿ, ಅದಕ್ಕ ಬಾಳತೈತಿ. ನಿಮ್ಮ ಪೆನ್ನಿನ್ಯಾಗ ಒಂದು ಗೆರಿ ಎಳೆಯೋತನಾ ಸತತ ಉರೀಬೇಕು.

18 ಓಮ್, ಕಾಲು ವ್ಯಾಟಿನ ರೆಸಿಸ್ಟರ್ ಸರಣಿಯೊಳಗ ಹಾಕ್ರಿ, ಸುಮಾರು 92 ಮಿಲಿಆಂಪ್ ಹರೀತೈತಿ. ಅಂಜಿಕಿ ಇದ್ರ 22 ಓಮ್, 75 ಮಿಲಿಆಂಪ್, 12 ಅಡಿಗೆ ನಡೀತೈತಿ. ಒಂದ ಅಲ್ಕಲೈನ್ ಸೆಲ್ಲಿನ ಪೆನ್ ಆದ್ರ ರೆಸಿಸ್ಟರ್ ಬೇಕಾಗಿಲ್ಲ, 1.5 ವೋಲ್ಟಿಗೆ ಎಲ್ಇಡಿ ತಾನ ಅಳತ್ಯಾಗ ಇರ್ತೈತಿ. ಆದ್ರ ಅದರಾಗ ಚಾರ್ಜ್ ಮಾಡೋ 1.2 ವೋಲ್ಟಿನ ಸೆಲ್ ಹಾಕಬ್ಯಾಡ್ರಿ, ಬೆಳಕು ಪೂರಾ ಮಂದ.

ಎಲ್ಇಡಿ ಯಾವುದು ಅಂದ್ರ 940 ನ್ಯಾನೊಮೀಟರ್ ತರಂಗಾಂತರದ್ದು. ವೀ ರಿಮೋಟಿಗೆ 850ರ ಎಲ್ಇಡಿಗಿಂತ ಅಷ್ಟ ಬೆಳಕಿನ 940ರದು ಹೆಚ್ಚುಕಮ್ಮಿ ಎರಡು ಪಟ್ಟು ಕಾಣತೈತಿ. ಗಾಳಿಯೊಳಗಿನ ನೀರಾವಿ ಬಿಸಿಲಿನ 940ರ ಆಸುಪಾಸಿನ ಭಾಗ ಒಂದಿಷ್ಟು ಹೀರತೈತಿ, ಅದೂ ಒಂದು ಲಾಭ. ವಿಶೇ ಕಂಪನಿಯ ಟಿಎಸ್ಎಎಲ್6400 ಅಂತ ಕೇಳ್ರಿ, ಬೆಳಕು ±25° ಹರಡತೈತಿ. ಅದ ಸಾಲಿನ 6100 ±10° ಅಷ್ಟ, ದೂರ ಎಸೀಲಿಕ್ಕೆ ಚಲೋ, ಪೆನ್ನಿಗೆ ಬ್ಯಾಡ.

ಯಾಕಂದ್ರ ಬರಿಯೋಮುಂದ ಎಲ್ಇಡಿ ಮಾರಿ ಗೋಡೆ ಕಡೆ ಇರ್ತೈತಿ, ಕ್ಯಾಮೆರಾ ಇರೋದು ಬೆನ್ನ ಹಿಂದ. ಕ್ಯಾಮೆರಾಕ್ಕ ಸಿಗೋದು ಪಕ್ಕದಿಂದ ಸೋರಿದ ಬೆಳಕು ಅಷ್ಟ. ಅದಕ್ಕ ಎಲ್ಇಡಿ ಕೊಳವಿಯಿಂದ 5-6 ಮಿಲಿಮೀಟರ್ ಹೊರಗ ಚಾಚಿರ್ಬೇಕು, ಅದರ ಗುಂಡು ತಲಿ 400 ನಂಬರ್ ಪಾಲಿಶ್ ಪೇಪರಿನಿಂದ ತಿಕ್ಕಿ ಮಬ್ಬು ಮಾಡ್ರಿ. ಮಬ್ಬಾದ ಮ್ಯಾಲೆ ಬೆಳಕು ಎಲ್ಲಾ ದಿಕ್ಕಿಗೆ ಚೆದರತೈತಿ. ಗೆರಿ ನಡುನಡುವ ಕಡಿಯೋದು ಬಹುತೇಕ ಇದರಿಂದ ನಿಲ್ತೈತಿ. ಆಯಿಲ್ ಪೇಂಟ್ ಹೊಡೆದ ನುಣುಪು ಗೋಡಿ ಇದ್ರ ಮ್ಯಾಟ್ ಬಣ್ಣ ಹೊಡಸ್ರಿ, ಇಲ್ಲಂದ್ರ ಎಲ್ಇಡಿಯ ಪ್ರತಿಬಿಂಬ ಎರಡನೇ ಚುಕ್ಕಿ ಆಗಿ ಗೆರಿ ಜಿಗೀತೈತಿ.

ಪೆನ್ ಉರಿಯಾಕ ಹತ್ತೈತೋ ಇಲ್ಲೋ ನೋಡಾಕ ಮೊಬೈಲಿನ ಸೆಲ್ಫಿ ಕ್ಯಾಮೆರಾ ಹಿಡೀರಿ, ನೇರಳೆ ಚುಕ್ಕಿ ಕಾಣತೈತಿ. ಹಿಂದಿನ ಕ್ಯಾಮೆರಾಕ್ಕ ಫಿಲ್ಟರ್ ಗಟ್ಟಿ ಇರ್ತೈತಿ, ಅದರಾಗ ಕಾಣಲಿಲ್ಲ ಅಂತ ಪೆನ್ ಬಿಚ್ಚಬ್ಯಾಡ್ರಿ. ಇನ್ನ ವೀ ರಿಮೋಟಿನ ಮುಂದಿನ ಕರಿ ಪ್ಲಾಸ್ಟಿಕ್ ಚೂರು ಯಾರರ ತೆಗೀರಿ ಅಂದ್ರ ಕೇಳಬ್ಯಾಡ್ರಿ. ಅದ ಫಿಲ್ಟರ್, ತೆಗೆದ್ರ ಪ್ರೊಜೆಕ್ಟರಿನ ಬೆಳಕೂ ಚುಕ್ಕಿ ಆಗ್ತೈತಿ.

ಗುಮ್ಮಟ_ಗಣಿತ (ವಿಜಯಪುರ)

ಭಾಳ ಉಪಕಾರ ಆತ್ರಿ. 12 ಅಡಿಗೆ ಸರಿಸಿದ ಮ್ಯಾಲೆ ಅಂಚೆಲ್ಲಾ ಸಿಕ್ತು, 22 ಓಮ್ ಹಾಕೇವಿ. ಮುಂಜಾನೆ ಚುಕ್ಕಿ ಸೊನ್ನಿ, ಮಧ್ಯಾಹ್ನ ಒಂದು; ಕಿಟಕಿ ಎದುರಿನ ಬೀರುವಿನ ಕನ್ನಡಿ ಅದು. ಈಗ ಇನ್ನೊಂದು ಲ್ಯಾಪ್‌ಟಾಪ್ ಹಚ್ಚಿದ್ರ ಎಡಗಡೆ ಮ್ಯಾಲಿನ ಮೂಲ್ಯಾಗ ಪಾಯಿಂಟರ್ ಬರೋಬರಿ, ಬಲಕ್ಕ ಕೆಳಗ ಹೋದಂಗ ಪೆನ್ನಿಗೂ ಅದಕ್ಕೂ ಅಂತರ ಹೆಚ್ಚಾಕ್ಕೋತ ಹೋಗ್ತೈತಿ. ಡಬಲ್ ಕ್ಲಿಕ್ಕೂ ಕೂಡವಲ್ದು.

ಸಹ್ಯಾದ್ರಿ_ಸರ್ಕ್ಯೂಟ್ (ಬೆಳಗಾವಿ)

ಅಂತರ ಹೀಗೆ ಬೆಳೆಯುತ್ತ ಹೋದರೆ ಅದು ಕ್ಯಾಮೆರಾದ ದೋಷವಲ್ಲ, ವಿಂಡೋಸಿನ ಸ್ಕೇಲಿಂಗ್, ಅಂದರೆ ಅಕ್ಷರ, ಐಕಾನ್‌ಗಳನ್ನು ಹಿಗ್ಗಿಸಿ ತೋರಿಸುವ ಸೆಟ್ಟಿಂಗ್. ಆ ಲ್ಯಾಪ್‌ಟಾಪಿನಲ್ಲಿ 125% ಅಥವಾ 150% ಇದ್ದೀತು. ಹಳೆಯ ತಂತ್ರಾಂಶಕ್ಕೆ ವಿಂಡೋಸ್ ಪರದೆಯ ಸುಳ್ಳು ಅಳತೆ ಹೇಳುತ್ತದೆ. ಸುಲಭ ದಾರಿ 100%ಗೆ ಇಳಿಸುವುದು. ಇಲ್ಲವೇ ತಂತ್ರಾಂಶದ ಐಕಾನ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿ ಹೈ ಡಿಪಿಐ ಸ್ಕೇಲಿಂಗನ್ನು ಅಪ್ಲಿಕೇಶನ್‌ಗೆ ಬಿಟ್ಟುಕೊಡಿ. ವಿಂಡೋಸ್ ಗುಂಡಿ ಮತ್ತು ಪಿ ಒತ್ತಿ ಡುಪ್ಲಿಕೇಟ್ (ಲ್ಯಾಪ್‌ಟಾಪಿನಲ್ಲೂ ಗೋಡೆಯಲ್ಲೂ ಒಂದೇ ಚಿತ್ರ) ಇಟ್ಟುಕೊಳ್ಳಿ. ರೆಸೊಲ್ಯೂಶನ್ ಬದಲಾದಾಗಲೆಲ್ಲ ಮತ್ತೆ ಕ್ಯಾಲಿಬ್ರೇಶನ್ ಬೇಕು.

ಡಬಲ್ ಕ್ಲಿಕ್ ಕೂಡದಿರುವುದು ಕೈಯ ತಪ್ಪಲ್ಲ. ಎರಡು ಒತ್ತುಗಳು 4 ಪಿಕ್ಸೆಲ್ ಚೌಕದೊಳಗೆ ಬಿದ್ದರೆ ಮಾತ್ರ ವಿಂಡೋಸ್ ಅದನ್ನು ಡಬಲ್ ಎನ್ನುತ್ತದೆ. ಗೋಡೆಯ ಮೇಲೆ ಅದು ಒಂದು ಇಂಚೂ ಇಲ್ಲ. ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಒಳಗಿನ ಸೆಟ್ಟಿಂಗ್‌ಗಳ ಕಡತ) ಕಂಟ್ರೋಲ್ ಪ್ಯಾನೆಲ್, ಮೌಸ್ ಅಡಿ ಡಬಲ್‌ಕ್ಲಿಕ್‌ವಿಡ್ತ್, ಡಬಲ್‌ಕ್ಲಿಕ್‌ಹೈಟ್ ಎರಡನ್ನೂ 20 ಮಾಡಿ, ಲಾಗ್‌ಔಟ್ ಆಗಿ ಬನ್ನಿ.

ಇನ್ನು ನೀವು ಕೇಳಿದ ಇನ್ಫ್ರಾರೆಡ್ ಪಟ್ಟಿಯ ವಿಷಯ. ನಿಯೋನೋಡ್ ಕಂಪನಿಯ ಏರ್‌ಬಾರ್ ಈ ಜಾತಿಯದು. ಪರದೆಯ ಕೆಳ ಅಂಚಿಗೆ ಅಯಸ್ಕಾಂತದಿಂದ ಕೂರುತ್ತದೆ, ಯುಎಸ್‌ಬಿ ತಂತಿ. ಗಾಜಿನ ಮೇಲೆ ಕಣ್ಣಿಗೆ ಕಾಣದ ಬೆಳಕಿನ ಹಾಳೆ ಹರಡಿ, ಬೆರಳಿನಿಂದ ವಾಪಸ್ ಬಂದ ಬೆಳಕನ್ನು ಓದುತ್ತದೆ. 13.3, 14, 15.6 ಇಂಚು ಎಂದು ಅಳತೆ ಬೇರೆ ಬೇರೆ. ಪರದೆಗೆ ತಕ್ಕದ್ದೇ ಆಗಬೇಕು. ಸ್ಲೈಡ್ ತಿರುಗಿಸಲು, ನಕ್ಷೆ ಹಿಗ್ಗಿಸಲು ಚೆನ್ನ. ಬರೆಯಲು ನಾನು ಹೇಳುವುದಿಲ್ಲ. ಆ ಹಾಳೆಗೆ ಅಂಗೈ ಯಾವುದು, ಪೆನ್ ಯಾವುದು ತಿಳಿಯದು, ಅಂಗಿಯ ತೋಳು ತಾಗಿದರೂ ಸ್ಪರ್ಶವೇ. ಬೆರಳು ಗಾಜು ಮುಟ್ಟುವ ಮೊದಲೇ ಗೆರೆ ಶುರುವಾಗುತ್ತದೆ, ಹೀಗಾಗಿ ಅಕ್ಷರಕ್ಕೆ ಬಾಲ ಬರುತ್ತದೆ. ಸಮೀಕರಣ ಬಿಡಿಸುವ ಕೆಲಸಕ್ಕೆ ನಿಮ್ಮ ಗೋಡೆಯ ಪೆನ್ನೇ ಇರಲಿ.

ಬೆಸುಗೆ_ಬಾಗಲಕೋಟಿ

ಪಟ್ಟಿ ತಗೊಂಡ್ರ ಧೂಳಿನ ಲಕ್ಷ್ಯ ಇರ್ಲಿ. ಸುಗ್ಗಿ ದಿನದಾಗ ನಮ್ಮ ಕಡೆ ಕಿಟಕಿ ತೆರೆದ ಕೋಣ್ಯಾಗ ಎಲ್ಇಡಿ ಮುಂದಿನ ಗಾಜಿನ ಮ್ಯಾಲೆ ಪದರ ಕೂಡತೈತಿ. ಆವಾಗ ಮುಟ್ಟದಿದ್ರೂ ಒಂದ ಜಾಗ ಒತ್ತಿದಂಗ ತೋರಸ್ತೈತಿ. ಒಣ ಮೃದು ಬಟ್ಟಿಲೆ ಉದ್ದಕ ಒರಸ್ರಿ, ಸ್ಯಾನಿಟೈಜರ್ ಸುರಿಯಬ್ಯಾಡ್ರಿ.

ವೀ ರಿಮೋಟ್ ಲ್ಯಾಪ್‌ಟಾಪ್ ಆರಿಸಿ ಹಚ್ಚಿದಾಗ ಕೂಡಲಿಲ್ಲಂದ್ರ ಬ್ಲೂಟೂತ್ ಪಟ್ಟ್ಯಾಗಿಂದ ಹಳೇದನ್ನ ತೆಗೆದು, 1 ಮತ್ತ 2 ಗುಂಡಿ ಒಟ್ಟಿಗೆ ಒತ್ತಿ ನಾಲ್ಕು ದೀಪ ಮಿಣುಕೋಮುಂದ ಹೊಸದಾಗಿ ಹುಡುಕ್ರಿ. ಪಿನ್ ಕೇಳಿದ್ರ ಖಾಲಿ ಬಿಟ್ಟು ಮುಂದ ಹೋಗ್ರಿ.